ಬೆನ್ನ ಮೇಲಿನ ಬಲಗೈ

ಚಪ್ಪಲಿಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಅವಳು ಅದರ ಅಟ್ಟೆಯನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಹಿಮ್ಮಡಿಯಿಂದ ಬೆರಳಿನ ಕಡೆಗೆ, ಒಂದೇ ದಿಕ್ಕಿಗೆ. ಕುಣಿದು ಕುಣಿದು ನುಣುಪಾದ ತೊಗಲು ಮತ್ತೆ ತರಿತರಿಯಾಗಬೇಕು. ಇಲ್ಲದಿದ್ದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೂದು ಬಣ್ಣದ ಪುಡಿ ಅವಳ ಮಡಿಲಿಗೆ ಉದುರುತ್ತಿತ್ತು.

ಇನ್ಸ್‌ಪೆಕ್ಟರ್ ಮೇಡಂ ಬಟ್ಟೆ ಕೋಣೆಯ ಬಾಗಿಲಿಗೆ ಬಂದು ನಿಂತು ಎರಡು ನಿಮಿಷವಾಗಿತ್ತು. ಅವಳು ತಲೆ ಎತ್ತಲಿಲ್ಲ. ಬಲಗಾಲಿನದು ಮುಗಿಯಿತು. ಎಡಗಾಲಿನದನ್ನು ತೆಗೆದುಕೊಂಡಳು.

"ಯಾರ ಚಪ್ಪಲಿ?"

"ತಂಗೀದು."

"ನಾಲ್ಕು ಗಂಟೆಗೆ ಅವಳನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀವಿ. ನಿಮಗೆ ಹೇಳಿದ್ರಲ್ಲ?"

"ಹೇಳಿದ್ರು."

"ಮತ್ತೆ ಇದನ್ನ ಯಾರಿಗೋಸ್ಕರ ಉಜ್ಜುತಾ ಇದ್ದೀರಿ?"

"ಶನಿವಾರ ಶಾಟ್ ಇದೆ." ಅವಳು ಅಟ್ಟೆಯ ಮೇಲಿನ ಪುಡಿಯನ್ನು ಊದಿದಳು. "ಯಾರ ಕಾಲಿದ್ರೂ ಚಪ್ಪಲಿ ಜಾರಬಾರದು ಮೇಡಂ."

ಬ್ರಷ್ ಮತ್ತೆ ಕೆರೆಯತೊಡಗಿತು. ಮಾತು ಮುಗಿಯಿತು ಎಂದು ಹೇಳುವ ರೀತಿ ಅದು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಈ ಜೋಡಿ ನೃತ್ಯದ ಧಾರಾವಾಹಿಯ ಹೀರೋ ಸೆಟ್ಟಿನ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಕೆಳಗೆ ಬಿದ್ದಿದ್ದ. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ ಕಂದು ಬಣ್ಣದ ಅಂಗೈ ಗುರುತಿತ್ತು. ಹೀರೋಯಿನ್ ಆಗಿದ್ದ ಆ ತಂಗಿಯ ಬಲ ಅಂಗೈಯಲ್ಲಿ ಅದೇ ಕಂದು ಬಣ್ಣ ಸಿಕ್ಕಿತ್ತು. ಬಿಡುವಿಗೆ ಸ್ವಲ್ಪ ಮುಂಚೆ ಅವಳು "ನನ್ನ ಪಾತ್ರಾನೇ ತೆಗೆಸ್ತೀಯಾ? ನೀನು ಹೇಗೆ ಎದ್ದು ನಿಲ್ತೀಯೋ ನೋಡ್ತೀನಿ" ಎಂದು ಅವನ ಮುಖದ ಮೇಲೆ ಕೂಗಿದ್ದನ್ನು ಲೈಟಿನವರಿಂದ ಹಿಡಿದು ಎಲ್ಲರೂ ಕೇಳಿದ್ದರು.

ಹಿಡಿದುಕೊಂಡು ಹೋಗಲು ಅಷ್ಟು ಸಾಕಾಗಿತ್ತು. ಆದರೂ ಇನ್ಸ್‌ಪೆಕ್ಟರ್ ಬೆಳಗಿನಿಂದ ಆ ಅಂಗಿಯ ಫೋಟೋ ಹಿಡಿದುಕೊಂಡು ಓಡಾಡುತ್ತಿದ್ದರು. ಒಬ್ಬರನ್ನು ಹಿಂದಿನಿಂದ ತಳ್ಳಿದರೆ ಬೆರಳುಗಳು ಮೇಲಕ್ಕೆ ಇರಬೇಕು. ಈ ಬೆರಳುಗಳು ಅಡ್ಡಕ್ಕಿದ್ದವು. ಬುಡ ಕಂಕುಳಿನ ಕಡೆ, ತುದಿ ಬೆನ್ನುಹುರಿಯ ಕಡೆ.

ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ಅವರು ಡ್ಯಾನ್ಸ್ ಮಾಸ್ಟರನ್ನು ಹುಡುಕಿಕೊಂಡು ಕನ್ನಡಿ ಹಾಲಿಗೆ ಹೋದರು.

"ಬೂಟು!" ಮಾಸ್ಟರ್ ದೂರದಿಂದಲೇ ಕೂಗಿದರು. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಕತ್ತು ಮಾತ್ರ ಇಪ್ಪತ್ತರದ್ದು. "ನಿನ್ನೆನೇ ಹೇಳಿದ್ದೆ. ಈ ನೆಲದ ಮೇಲೆ ಬೂಟು ಹಾಕ್ಕೊಂಡು ಬರೋರು ನನ್ನ ಎದೆ ಮೇಲೆ ಕಾಲಿಟ್ಟ ಹಾಗೆ."

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದರು.

"ನನ್ನನ್ನ ಹಿಡ್ಕೊಳ್ಳಿ."

"ಏನಂದ್ರಿ?"

"ರುಂಬಾಕ್ಕೆ ಗಂಡಸು ಹೆಂಗಸನ್ನ ಹೇಗೆ ಹಿಡ್ಕೋತಾನೋ ಹಾಗೆ ಹಿಡ್ಕೊಳ್ಳಿ."

ಮಾಸ್ಟರ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಭುಜ ಇಳಿಸಿ. ಲಾಠಿ ನುಂಗಿದೋರ ಥರ ನಿಲ್ಲಬೇಡಿ."

ಅವರ ಬಲಗೈ ಇನ್ಸ್‌ಪೆಕ್ಟರರ ಎಡಗೈಯ ಕೆಳಗಿನಿಂದ ಹಿಂದಕ್ಕೆ ಹೋಗಿ ಎಡ ಹೆಗಲ ಮೂಳೆಯ ಮೇಲೆ ಕುಳಿತಿತು. ನಾಲ್ಕು ಬೆರಳೂ ಒತ್ತಾಗಿ ಸೇರಿದ್ದವು. ತುದಿಗಳು ಬೆನ್ನುಹುರಿಯ ಕಡೆಗಿದ್ದವು.

"ನನ್ನ ಕೈ ಎಲ್ಲಿರಬೇಕು?"

"ನಿಮ್ಮ ಎಡಗೈ ನನ್ನ ತೋಳಿನ ಮೇಲೆ. ಬೆನ್ನಿನ ತಂಟೆಗೆ ಹೋಗೋ ಹಾಗಿಲ್ಲ. ಹೆಂಗಸು ಗಂಡಸಿನ ಬೆನ್ನು ಹಿಡ್ಕೊಂಡ್ರೆ ಅದು ಡ್ಯಾನ್ಸ್ ಅಲ್ಲ, ಬಸ್ಸಿಗೆ ಬ್ರೇಕ್ ಬಿದ್ದಿರೋದು."

ಇನ್ಸ್‌ಪೆಕ್ಟರ್ ಫೋಟೋ ತೆಗೆದು ಅವರ ಮೂಗಿನ ಮುಂದೆ ಹಿಡಿದರು.

ಮಾಸ್ಟರ್ ಕನ್ನಡಕ ಹಾಕಿಕೊಂಡರು. ಮುಖದ ಮೇಲಿದ್ದ ಅಣಕ ಮೆಲ್ಲಗೆ ಹೋಯಿತು.

"ಸುಮ್ಮನೆ ಅಪ್ಪಿಕೊಂಡ್ರೂ ಹೀಗೇ ಬೀಳುತ್ತಾ ಗುರುತು?" ಇನ್ಸ್‌ಪೆಕ್ಟರ್ ಕೇಳಿದರು.

"ಅಪ್ಪಿಕೊಂಡ್ರೆ ಬೆರಳು ಹರಡುತ್ತೆ. ಇಲ್ಲಿ ನೋಡಿ, ಸಂದಿನೇ ಇಲ್ಲ. ಇದು ಕಲಿತಿರೋ ಕೈ. ಹೀಗೆ ಬೆರಳು ಸೇರಿಸಿ ಇಡೋಕೆ ಒಬ್ಬೊಬ್ಬರಿಗೂ ಆರು ತಿಂಗಳು ಬೈದಿದ್ದೀನಿ ನಾನು."

"ಅಂದ್ರೆ ಯಾರೋ ಅವನ ಎದುರಿಗೆ ನಿಂತು ಗಂಡಸಿನ ಹೆಜ್ಜೆ ಹಾಕ್ತಿದ್ರು. ಅವನು ಹೆಂಗಸಿನದು."

"ಅವನಿಗೆ ಯಾವುದೂ ಬರಲ್ಲ, ಬಿಡಿ. ಕಂಬಕ್ಕೆ ಕೋಟು ಹಾಕಿದ ಹಾಗೆ ನಿಲ್ತಾನೆ. ಯಾರೋ ಕಲಿಸ್ತಿದ್ರು ಅಂತ ಕಾಣುತ್ತೆ. ಕಲಿಸೋರು ನಡೆಸ್ತಾರೆ, ಕಲಿಯೋರು ಹಿಂದೆ ಹೋಗ್ತಾರೆ."

"ಇಲ್ಲಿ ಕಲಿಸೋದು ನೀವು."

"ನಾನು ಮೈಗೆ ಕಂದು ಲೋಷನ್ ಬಳ್ಕೊಳ್ಳಲ್ಲ ಮೇಡಂ. ಊಟಕ್ಕೆ ಡೈರೆಕ್ಟರ್ ಪಕ್ಕ ಕೂತಿದ್ದೆ. ಕೂಗು ಕೇಳಿಸಿದಾಗಲೂ ಅಲ್ಲೇ ಇದ್ದೆ. ಅವನನ್ನೇ ಕೇಳಿ, ಅವನಿಗೂ ನನ್ನ ಕಂಡ್ರೆ ಆಗಲ್ಲ, ಸುಳ್ಳು ಹೇಳಲ್ಲ."

"ನಿಮ್ಮನ್ನ ಬಿಟ್ಟು ಯಾರಿಗೆ ಬರುತ್ತೆ ನಡೆಸೋಕೆ?"

ಮಾಸ್ಟರ್ ಫೋಟೋ ಹಿಂದಕ್ಕೆ ಕೊಟ್ಟರು. ಕಿಟಕಿಯ ಹತ್ತಿರ ಹೋಗಿ ನಿಂತರು.

"ನನ್ನ ಕ್ಲಾಸಿಗೆ ಗಂಡು ಹುಡುಗರು ಬರ್ತಿರಲಿಲ್ಲ. ಹನ್ನೊಂದು ಜನ ಹುಡುಗೀರು. ಯಾರು ಎತ್ತರ ಇದ್ದಾರೋ ಅವರು ಗಂಡಸಾಗಬೇಕು. ಹಾಗೆ ಗಂಡಸಾಗಿ ಕಲಿತೋರಿಗೆ ಕೈ ಕೊನೇವರೆಗೂ ಅಲ್ಲಿಗೇ ಹೋಗುತ್ತೆ, ನಿದ್ದೇಲೂ."

"ಯಾರು ಎತ್ತರ ಇದ್ದಿದ್ದು?"

"ಅವಳ ತಂಟೆಗೆ ಹೋಗಬೇಡಿ." ಅವರು ತಿರುಗಲಿಲ್ಲ. "ಈ ಹಾಳು ಧಾರಾವಾಹೀಲಿ ಕುಣಿಯೋಕೆ ಬರೋದು ಅವಳೊಬ್ಬಳಿಗೇ."

ಮೇಕಪ್ ಅಣ್ಣ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಪೊಲೀಸರನ್ನು ಕಂಡು ಇನ್ನಷ್ಟು ನೇರಕ್ಕೆ ಜೋಡಿಸಿದ. ರುಂಬಾ, ಚಾ-ಚಾ ಇರುವ ದಿನ ಮೈ ತೆರೆದ ಉಡುಪು. ದೀಪದ ಕೆಳಗೆ ಚರ್ಮ ಬಿಳಚಿಕೊಳ್ಳದಿರಲಿ ಎಂದು ಕತ್ತಿನಿಂದ ಪಾದದವರೆಗೆ ಕಂದು ಲೋಷನ್ ಬಳಿಯುವುದು ಅವನ ಕೆಲಸ. ಒಣಗಲು ನಾಲ್ಕು ಗಂಟೆ ಬೇಕು. ಒಣಗಿದ ಮೇಲೆ ಐದು ದಿನ ಹೋಗುವುದಿಲ್ಲ.

"ನಿನ್ನೆ ಯಾರ್ಯಾರಿಗೆ ಹಚ್ಚಿದ್ರಿ ಅಂತ ನಮ್ಮೋರು ಕೇಳಿದಾಗ ಏನಂದ್ರಿ?"

"ಹೀರೋಯಿನ್‌ಗೆ ಮಾತ್ರ ಅಂದೆ. ನಿಜಾನೇ ಹೇಳಿದ್ದು ಮೇಡಂ."

"ಅವಳ ಅಕ್ಕನಿಗೆ?"

"ಕಾಲಕ್ಕನಿಗಾ? ಅವಳಿಗೆ ಹಚ್ಚಲೇಬೇಕಲ್ಲ."

"ಮತ್ತೆ ಒಬ್ಬಳಿಗೆ ಅಂದ್ರಿ!"

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕ್ಯಾಮೆರಾಗೆ ಒಬ್ಬಳೇ ತಾನೇ? ಮುಖ ತಂಗೀದು. ಸೊಂಟದಿಂದ ಕೆಳಗೆ ಅಕ್ಕಂದು, ಅದಕ್ಕೇ ಕಾಲಕ್ಕ ಅನ್ನೋದು. ಬೆನ್ನು ತೋರಿಸಿದ್ರೆ ಅದೂ ಅಕ್ಕಂದೇ. ಇಬ್ಬರೂ ಸೇರಿ ಒಂದು ಹೀರೋಯಿನ್. ನಮ್ಮ ಪಟ್ಟೀಲೂ ಹಾಗೇ ಇರೋದು, ನೋಡಿ ಬೇಕಾದ್ರೆ."

ಪಟ್ಟಿಯಲ್ಲಿ ಹಾಗೇ ಇತ್ತು. ಎಂಬತ್ತು ಕಂತುಗಳಿಂದ ನಾಡೆಲ್ಲ ನೋಡುತ್ತಿದ್ದ ಕಾಲುಗಳ ಒಡತಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

"ಹಚ್ಚಿದ ಮೇಲೆ ಅಂಗೈ ಒರೆಸ್ತೀರಾ?"

"ತಂಗೀದು ಸ್ಪಿರಿಟ್ ಹಾಕಿ ಒರೆಸ್ತೀನಿ. ಕೈ ಮುಖದ ಹತ್ರ ಬಂದ್ರೆ ಅಂಗೈ ಕಾಣುತ್ತೆ, ಕಂದು ಇದ್ರೆ ಅಸಹ್ಯ. ನಿನ್ನೆನೂ ಒರೆಸಿದ್ದೀನಿ, ಆಣೆ ಇಟ್ಟು ಹೇಳ್ತೀನಿ."

"ಅಕ್ಕನದು?"

"ಅವಳ ಅಂಗೈ ಯಾರು ನೋಡ್ತಾರೆ ಮೇಡಂ?"

ಮೂರೂವರೆಗೆ ಇನ್ಸ್‌ಪೆಕ್ಟರ್ ಬಟ್ಟೆ ಕೋಣೆಗೆ ವಾಪಸು ಬಂದರು. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. ಚಪ್ಪಲಿಯ ಕೆಲಸ ಮುಗಿದಿತ್ತು. ಕಾಲಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಸೆಕೆಯಿದ್ದರೂ ತೋಳುದ್ದದ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದಳು.

"ಬಲಗೈ ತೋರಿಸಿ."

ಅವಳು ಸೂಜಿಯನ್ನು ಕೆಳಗಿಟ್ಟು ಕೈ ಚಾಚಿದಳು. ಅಂಗೈಯ ಗೆರೆಗಳ ಸಂದಿಯಲ್ಲಿ ಕಂದು ಇನ್ನೂ ಉಳಿದಿತ್ತು.

"ಎಷ್ಟು ದಿನದಿಂದ ಅವನಿಗೆ ಕಲಿಸ್ತಿದ್ರಿ?"

"ಯಾರಿಗೆ?"

"ನನ್ನ ಹತ್ರ ಆಟ ಬೇಡ."

"ಆಟ ಆಡೋಕೆ ನನಗೆಲ್ಲಿ ಪುರುಸೊತ್ತು, ಮೇಡಂ?" ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಒಂದೂವರೆ ತಿಂಗಳಾಯ್ತು. ಮಾಸ್ಟರ್ ಎಲ್ಲರೆದುರು ಬೈತಾರೆ ಅಂತ ಅವನಿಗೆ ನಾಚಿಕೆ. ಊಟದ ಹೊತ್ತಲ್ಲಿ ಸೆಟ್ಟಿನ ಹಿಂದೆ, ಮೆಟ್ಟಿಲ ಮೇಲಿನ ಕಟ್ಟೇಲಿ ಕಲಿಸ್ತಿದ್ದೆ. ರುಂಬಾಕ್ಕೆ ಅಷ್ಟು ಜಾಗ ಸಾಕು."

"ನೀವು ಗಂಡಸು. ಅವನು ಹೆಂಗಸು."

"ನನಗೆ ಬರೋದೇ ಅದು. ಇವಳು ಹೆಂಗಸಾಗಿ ಕಲೀಲಿ ಅಂತ ನಾನು ಒಂಬತ್ತು ವರ್ಷ ಗಂಡಸಾಗಿದ್ದೆ." ಅವಳು ಪಕ್ಕದ ಕೋಣೆಯ ಕಡೆ ಗಲ್ಲ ಎತ್ತಿದಳು. ತಂಗಿಯನ್ನು ಅಲ್ಲೇ ಕೂರಿಸಿದ್ದರು. "ಇಂಟರ್‌ವ್ಯೂನಲ್ಲಿ ಕೇಳಿದ್ರೆ ಹುಟ್ಟಿದಾಗಿಂದ್ಲೇ ಕುಣೀತಿದ್ದೆ ಅಂತಾಳೆ."

"ನಿನ್ನೆ ಅವನು ಹೇಗೆ ಬಿದ್ದ?"

"ನಾನು ಮುಂದೆ ಬಂದೆ. ಅವನು ಹಿಂದೆ ಹೋದ."

"ಹಿಂದೆ ಮೆಟ್ಟಿಲಿದೆ ಅಂತ ಗೊತ್ತಿದ್ದೂ?"

"ಅದನ್ನೇ ಅಲ್ವಾ ನಾನು ಕಲಿಸಿದ್ದು? ಯೋಚನೆ ಮಾಡಬೇಡ, ನೆಲ ನೋಡಬೇಡ, ನಾನು ಬಂದ್ರೆ ನೀನು ಹೋಗು ಅಂತ. ಒಂದೂವರೆ ತಿಂಗಳಲ್ಲಿ ಒಂದು ದಿನಾನೂ ಸರಿಯಾಗಿ ಹೋಗಿರಲಿಲ್ಲ." ಅವಳ ದನಿ ಒಣಗಿತ್ತು. "ನಿನ್ನೆ ಹೋದ."

ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದಳು.

"ಮೆಟ್ಟಿಲು ಅವನಿಗೆ ಕಾಣ್ತಿರಲಿಲ್ಲ. ನಿಮಗೆ ಕಾಣ್ತಿತ್ತು," ಇನ್ಸ್‌ಪೆಕ್ಟರ್ ಅಂದರು. "ನೀವು ಯಾಕೆ ಮುಂದೆ ಬಂದ್ರಿ?"

"ಹೇಳಿದ್ರೆ ನಂಬ್ತೀರಾ?"

"ನಂಬೋದು ಬಿಡೋದು ಆಮೇಲೆ. ಹೇಳಿ."

"ನನ್ನ ಬೆನ್ನಿಗೆ ಒಂದು ಕೈ ಬಿತ್ತು. ಜೋರಾಗಿ. ನನ್ನ ಎಡಗೈ ಕಂಬಿ ಹಿಡೀತು, ನಾನು ನಿಂತೆ. ಬಲಗೈ ಅವನ ಬೆನ್ನಿಂದ ಜಾರಿಹೋಯ್ತು."

ಫೋಟೋದಲ್ಲಿ ಅಂಗೈಯ ಬುಡ ಕಂಕುಳಿನ ಕಡೆಗೆ ಒರೆಸಿದಂತೆ ಎಳೆದುಕೊಂಡಿತ್ತು. ಇನ್ಸ್‌ಪೆಕ್ಟರ್ ಅದನ್ನು ಬೆಳಿಗ್ಗೆಯೇ ಗಮನಿಸಿದ್ದರು.

"ಯಾರು ತಳ್ಳಿದ್ದು?"

"ತಿರುಗಿ ನೋಡೋಷ್ಟರಲ್ಲಿ ಕಟ್ಟೆಗೆ ಬರೋ ಬಾಗಿಲಿನ ಪರದೆ ಅಲ್ಲಾಡ್ತಿತ್ತು. ಅಷ್ಟೇ."

"ಅವನು ನಿಮ್ಮ ಎದುರಿಗಿದ್ದ. ಅವನಿಗೆ ಕಂಡಿರಬೇಕು."

"ಕಂಡಿದೆ. ನನ್ನ ಭುಜದ ಮೇಲಿಂದ ನೋಡ್ದ. ಗುರುತಿರೋರನ್ನ ಕಂಡ್ರೆ ಹುಬ್ಬು ಎತ್ತುತ್ತೀವಲ್ಲ, ಹಾಗೆ ಎತ್ತಿದ. ಆಮೇಲೆ..." ಅವಳು ನಿಲ್ಲಿಸಿದಳು. "ಮೆಟ್ಟಿಲಿಳಿದು ಕೂಗಿದ್ದೂ ನಾನೇ. ಯಾರು ಕೂಗಿದ್ದು ಅಂತ ಇಷ್ಟು ಹೊತ್ತಿನವರೆಗೆ ಒಬ್ಬರೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

ಅದು ಚುಚ್ಚಿತು. ಇನ್ಸ್‌ಪೆಕ್ಟರ್ ತೋರಿಸಿಕೊಳ್ಳಲಿಲ್ಲ.

"ಕೇಳದಿದ್ರೆ ಹೇಳಬಾರದು ಅಂತಿದೆಯಾ? ಅಂಗಿ ಮೇಲಿನ ಕೈ ನಿಮ್ಮದು ಅಂತ ಗೊತ್ತಿತ್ತು. ನಿಮ್ಮ ತಂಗೀನ ಕೂಡಿಹಾಕಿದ್ರು. ಇಡೀ ದಿನ ನೀವು ಇಲ್ಲಿ ಚಪ್ಪಲಿ ಉಜ್ಜುತಾ ಕೂತಿದ್ರಿ. ಅಕ್ಕ ಅಂತಾರಾ ಇದಕ್ಕೆ?"

"ಅವಳು ಹೇಳಲಿ ಅಂತ ಕಾಯ್ತಿದ್ದೆ."

"ಏನು ಹೇಳಲಿ ಅಂತ?"

ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿನ್ನೆ ಯಾವ ಬಟ್ಟೆ ಹಾಕಿದ್ರಿ?"

"ಶಾಟಿಂದೇ. ಬೆನ್ನಿಲ್ಲದ್ದು."

"ಲೋಷನ್ ಹಚ್ಚಿ ಎಷ್ಟು ಹೊತ್ತಾಗಿತ್ತು?"

"ಎರಡು ಗಂಟೆ."

ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಕಣ್ಸನ್ನೆ ಮಾಡಿದರು. ಅವಳು ಎದ್ದು ಬಾಗಿಲಿಗೆ ಚಿಲಕ ಹಾಕಿದಳು.

"ಅಂಗಿ ಇಳಿಸಿ. ಬೆನ್ನು ನೋಡಬೇಕು."

"ಅಲ್ಲೇನಿದೆ? ಏನೂ ನೋವಿಲ್ಲ ನನಗೆ."

"ನೋವು ಕೇಳಲಿಲ್ಲ ನಾನು."

ಅವಳು ಗುಂಡಿ ಬಿಚ್ಚಿ, ತಿರುಗಿ, ಅಂಗಿಯನ್ನು ಸೊಂಟದವರೆಗೆ ಇಳಿಸಿದಳು.

ಕಾನ್‌ಸ್ಟೇಬಲ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಕಂದು ಬೆನ್ನಿನ ನಟ್ಟನಡುವೆ ಬೆಳ್ಳಗೆ ಒಂದು ಕೈ. ಹಸಿ ಲೋಷನ್ನನ್ನು ಎತ್ತಿಕೊಂಡು ಹೋದ ಕೈ. ಐದೂ ಬೆರಳು ಹರಡಿಕೊಂಡಿದ್ದವು. ಐದೂ ಮೇಲಕ್ಕಿದ್ದವು. ಹೆಬ್ಬೆರಳು ಎಡಕ್ಕಿತ್ತು. ಬಲಗೈ.

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ಫೋಟೋ ತೆಗೆದರು. ಅಂಗಿ ಹಾಕಿಕೊಳ್ಳಲು ಹೇಳಿ, ಮೊಬೈಲನ್ನು ಅವಳ ಕೈಗೆ ಕೊಟ್ಟರು.

ಅವಳು ತುಂಬಾ ಹೊತ್ತು ನೋಡಿದಳು. ತನ್ನ ಬೆನ್ನನ್ನು ಟಿವಿಯಲ್ಲಿ ನೂರು ಸಲ ನೋಡಿದ್ದವಳು, ಇದು ಯಾರ ಬೆನ್ನೋ ಎಂಬಂತೆ ನೋಡಿದಳು.

"ಹೀರೋ ನಿಮ್ಮ ತಂಗಿ ಪಾತ್ರ ತೆಗೆಸ್ತಿದ್ದ. ಅವಳ ಜಾಗಕ್ಕೆ ಯಾರು?"

"ಹೊಸಬರು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ."

"ನಾನು ಎಲ್ಲರನ್ನ ಕೇಳ್ತಿಲ್ಲ."

"ನಾನು." ಅವಳು ಮೊಬೈಲ್ ವಾಪಸು ಕೊಟ್ಟಳು. "ಕಾಲಿನ ಜೊತೆ ಮುಖಾನೂ ಒಬ್ಬಳದೇ ಇರಲಿ ಅಂತ ಡೈರೆಕ್ಟರಿಗೆ ಹೇಳಿದ್ದ. ನಾನು ಕೇಳಿರಲಿಲ್ಲ ಮೇಡಂ. ಅವನಾಗೇ ಹೇಳಿದ್ದು."

"ಇದು ತಂಗಿಗೆ ಗೊತ್ತಿತ್ತಾ?"

"ನಿನ್ನೆ ಬೆಳಿಗ್ಗೆ ಗೊತ್ತಾಯ್ತು."

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕುಳಿತರು. ಮೊದಲ ಸಲ ದನಿ ತಗ್ಗಿಸಿದರು.

"ಮೆಟ್ಟಿಲಿನ ಕಡೆ ಮುಖ ಮಾಡಿದ್ದು ನೀವು. ಕೈ ಬಿದ್ದಿದ್ದು ನಿಮ್ಮ ಬೆನ್ನಿಗೆ. ಅವನು ಅಡ್ಡ ಇದ್ದ, ಹೋದ. ಬೀಳಿಸಬೇಕು ಅಂತಿದ್ದಿದ್ದು ನಿಮ್ಮನ್ನ."

ಕತ್ತಿನ ಗುಂಡಿ ಹಾಕಲು ಹೋದ ಅವಳ ಬೆರಳುಗಳಿ​ಗೆ ಗುಂಡಿಯ ತೂತು ಸಿಗಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿತ್ತು. ಇನ್ಸ್‌ಪೆಕ್ಟರ್ ತಂಗಿಯನ್ನು ಕರೆತರಲು ಹೇಳಿದರು.

ತಂಗಿ ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖದಲ್ಲೂ ಕ್ಯಾಮೆರಾ ಎಲ್ಲಿದೆ ಎಂದು ಹುಡುಕುವ ಕಣ್ಣು. ಅಕ್ಕನನ್ನು ನೋಡಲಿಲ್ಲ.

"ಹೊರಡೋಣ್ವಾ? ಹಿಂದಿನ ಗೇಟಿಂದ ಕರ್ಕೊಂಡು ಹೋಗಿ. ಮುಂದೆ ಕ್ಯಾಮೆರಾದೋರು ನಿಂತಿದ್ದಾರೆ."

"ಅಂಗಿ ಮೇಲಿನ ಕೈ ನಿಮ್ಮದಲ್ಲ," ಇನ್ಸ್‌ಪೆಕ್ಟರ್ ಅಂದರು. "ನಿಮ್ಮ ಅಕ್ಕನದು. ಅವರೇ ಒಪ್ಪಿಕೊಂಡಿದ್ದಾರೆ."

ತಂಗಿಯ ಭುಜ ಇಳಿಯಿತು. ಮೊದಲು ಬಂದದ್ದು ನಿಟ್ಟುಸಿರು. ಆಮೇಲೆ ಆಶ್ಚರ್ಯ. ಆಮೇಲೆ ಕೋಪ. ಆ ಮೂರೂ ಬಂದ ಕ್ರಮವನ್ನು ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

"ನೀನಾ? ನಿನ್ನೆಯಿಂದ ಆ ಗೂಡಲ್ಲಿ ಕೂತು ಸಾಯ್ತಿದ್ದೀನಿ ನಾನು. ಗೋಡೆ ಆಚೆ ನೀನು ಬ್ರಷ್ ಹಾಕೋದು ಕೇಳಿಸ್ತಿತ್ತು! ಒಂದು ಮಾತು ಹೇಳೋಕೆ ಆಗಲಿಲ್ವಾ?"

"ನಿನಗೂ ಒಂದು ಮಾತು ಹೇಳೋಕೆ ಆಗಲಿಲ್ಲ," ಅಂದಳು ಅಕ್ಕ.

"ಏನು ಹೇಳಬೇಕಿತ್ತು ನಾನು?" ತಂಗಿ ಇನ್ಸ್‌ಪೆಕ್ಟರರ ಕಡೆ ತಿರುಗಿದಳು. "ಇವಳಿಗೆ ಮೊದಲಿಂದ್ಲೂ ನನ್ನ ಕಂಡ್ರೆ ಹೊಟ್ಟೆಕಿಚ್ಚು ಮೇಡಂ. ನಾನು ಎದುರಿಗೆ ಬಂದ್ರೆ ಊಟದ ತಟ್ಟೆ ಎತ್ಕೊಂಡು ಎದ್ದು ಹೋಗ್ತಾಳೆ. ಅವನು ಸಿಕ್ಕ ಅಂತ ಬಲೆ ಹಾಕಿದ್ಲು. ಆಗಲಿಲ್ಲ, ತಳ್ಳಿದ್ಲು. ಬರ್ಕೊಳ್ಳಿ, ನಾನು ಸೈನ್ ಮಾಡ್ತೀನಿ."

"ನಿಮ್ಮ ಅಂಗೈಗೆ ಕಂದು ಎಲ್ಲಿಂದ ಬಂತು? ಮೇಕಪ್ಪಿನೋರು ಸ್ಪಿರಿಟ್ ಹಾಕಿ ಒರೆಸಿದ್ರಂತೆ."

"ಮೈಯೆಲ್ಲಾ ಲೋಷನ್ ಇತ್ತು. ತೋಳು ತುರಿಸ್ಕೊಂಡ್ರೂ ಹತ್ತುತ್ತೆ. ಇದೂ ಒಂದು ಪ್ರಶ್ನೆನಾ?"

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಹತ್ತು ಸಲ ಹೇಳಿದ್ದೀನಿ. ಮೇಕಪ್ ರೂಮಲ್ಲಿ, ಒಬ್ಬಳೇ, ಬಾಗಿಲು ಹಾಕ್ಕೊಂಡು. ಈಗ ನನ್ನನ್ನ ಬಿಡ್ತೀರೋ ಇಲ್ವೋ? ತಪ್ಪು ಮಾಡಿದೋಳು ಅಲ್ಲಿ ಆರಾಮಾಗಿ ಕೂತಿದ್ದಾಳೆ. ಕರ್ಕೊಂಡು ಹೋಗಿ ಅವಳನ್ನ. ಕಾಲು ಇನ್ನೊಂದು ಸಿಗುತ್ತೆ ನಮಗೆ, ಊರು ತುಂಬಾ ಇವೆ ಕಾ..."

ಅಕ್ಕ ಎದ್ದು ನಿಂತಿದ್ದಳು. ನಿಂತರೆ ತಂಗಿಗಿಂತ ನಾಲ್ಕು ಬೆರಳು ಎತ್ತರ. ಅವಳು ತಂಗಿಯ ಹತ್ತಿರ ಬಂದಳು. ಬೆನ್ನು ಮಾಡಿ ನಿಂತಳು. ಗುಂಡಿ ಹಾಕದೆ ಬಿಟ್ಟಿದ್ದ ಅಂಗಿಯನ್ನು ಭುಜದ ಕೆಳಗೆ ಜಾರಿಸಿದಳು.

ಇನ್ಸ್‌ಪೆಕ್ಟರ್ ತಂಗಿಯ ಮುಖ ನೋಡುತ್ತಿದ್ದರು. ಕಾನ್‌ಸ್ಟೇಬಲ್ ತಂಗಿಯ ಕೈಗಳನ್ನು ನೋಡುತ್ತಿದ್ದಳು. ಆ ಕೈಗಳು ಮೆಲ್ಲಗೆ ಮೇಲೆ ಬಂದು, ಎದೆಗೆ ಅಡ್ಡವಾಗಿ, ಕಂಕುಳ ಸಂದಿಗಳಲ್ಲಿ ಸೇರಿಕೊಂಡವು.

ಹೊರಗೆ ಪಕ್ಕದ ಸೆಟ್ಟಿನವರು ಯಾರೋ ಶಾಟ್ ರೆಡಿ ಎಂದು ಕೂಗಿಕೊಂಡು ಹೋದರು.

"ನೀನಲ್ಲ ಅಂದ್ರೆ ನಿನ್ನ ಕೈ ಈ ಗುರುತಿಗೆ ಸರಿಹೋಗಲ್ಲ," ಅಂದಳು ಅಕ್ಕ, ಎದುರಿನ ಗೋಡೆ ನೋಡುತ್ತ. "ಸರಿಹೋಗದಿದ್ರೆ ನಾನೇ ಹೋಗ್ತೀನಿ ಇವರ ಜೊತೆ. ಬಾ ಇಲ್ಲಿ. ಬಲಗೈ ತೆಗಿ."

ತಂಗಿಯ ಕೈ ಕಂಕುಳಿನಿಂದ ಹೊರಗೆ ಬರಲಿಲ್ಲ.

"ಒಂದ್ಸಲ ಇಲ್ಲಿ ಇಡೇ."